ಬಾಹ್ಯಾಕಾಶವೂ ಹಳ್ಳಿಯ ಶಾಲೆಯೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ - ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಕಬ್ಬು, ಬತ್ತ, ರಾಗಿಗಳನ್ನು ಬೆಳೆಯುವ ನೆಲ. ಇವುಗಳ ಪಶ್ಚಿಮಕ್ಕಿರುವ ಹಾಸನದಲ್ಲಿ ಉಪಗ್ರಹಗಳ ಪ್ರಧಾನ ನಿಯಂತ್ರಣ ಕೇಂದ್ರವು 1982ರಿಂದ ಕೆಲಸ ಮಾಡುತ್ತಿದೆ. ಪೂರ್ವಕ್ಕೆ, ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ, 32 ಮೀಟರ್ ವ್ಯಾಸದ ಬೃಹತ್ ಆಂಟೆನಾ ಇದೆ. 2008ರಲ್ಲಿ ಚಂದ್ರನನ್ನು ಸುತ್ತುತ್ತಿದ್ದ ಚಂದ್ರಯಾನ ನೌಕೆಯ ಸಂಕೇತಗಳನ್ನು ಗ್ರಹಿಸಿದ್ದು ಅದೇ. ಇವೆರಡರ ನಡುವೆ ನೂರಾರು ಹಳ್ಳಿಶಾಲೆಗಳಿವೆ. ಅಲ್ಲಿ ಓದುವ ಹುಡುಗ ಹುಡುಗಿಯರಿಗೆ ಈ ಕೇಂದ್ರಗಳು ಬಸ್ಸಿನ ಲೆಕ್ಕದಲ್ಲಿ ಹತ್ತಿರ; ಪಾಠದ ಲೆಕ್ಕದಲ್ಲಿ ಬಹು ದೂರ. ಈ ದೂರವನ್ನು ಕಡಿಮೆ ಮಾಡುವ ಹೊಣೆ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಗೆ ಉಂಟೇ? ಉಪಗ್ರಹಗಳನ್ನು ಹಾರಿಸುವುದಷ್ಟೆ ಅದರ ಕೆಲಸ, ಶಾಲೆಯ ಚಿಂತೆ ಶಿಕ್ಷಣ ಇಲಾಖೆಗೆ ಸೇರಿದ್ದು ಎಂದು ಹೇಳುವವರಿದ್ದಾರೆ. ಈ ಮಾತು ಮೇಲುನೋಟಕ್ಕೆ ಸರಿಯೆಂದು ತೋರುತ್ತದೆ. ಆದರೆ ಶ್ರೀರಂಗಪಟ್ಟಣದ ಇತಿಹಾಸವೇ ಅದನ್ನು ಒಪ್ಪುವುದಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯದಲ್ಲಿ ಅಗ್ನಿಬಾಣಗಳನ್ನು ಹಾರಿಸುವ ಪಡೆಗಳಿದ್ದವು. ಆ ಕಾಲದಲ್ಲಿ ಬೇರೆಡೆ ಮದ್ದನ್ನು ಕಾಗದದ ಕೊಳವೆಯಲ್ಲಿ ತುಂಬುವುದು ವಾಡಿಕೆ. ಮೈಸೂರಿನ ಕುಶಲಕರ್ಮಿಗಳು ಕಬ್ಬಿಣವನ್ನು ಬಡಿದು ಕೊಳವೆಯನ್ನು ಮಾಡಿದರು. ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಡೆಯುವುದರಿಂದ ಮದ್ದನ್ನು ಬಿಗಿಯಾಗಿ ತುಂಬಲು ಸಾಧ್ಯವಾಯಿತು. ಬಾಣವು ಹೆಚ್ಚು ದೂರ ಸಾಗಿತು. 1780ರ ಪೊಳ್ಳಿಲೂರು ಕದನದಲ್ಲಿ ಇಂಗ್ಲಿಷರು ಇದರ ಪೆಟ್ಟನ್ನು ಉಂಡರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ವಶವಾದ ಬಾಣಗಳಲ್ಲಿ ಕೆಲವು ಇಂಗ್ಲೆಂಡಿನ ವೂಲಿಚ್ ಎಂಬ ಊರಿನ ಆಯುಧಾಗಾರಕ್ಕೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಮತ್ತೆ ಮತ್ತೆ ಪ್ರಯೋಗಗಳನ್ನು ನಡೆಸಿ, ಅಳತೆ ತೂಕಗಳನ್ನು ಗೊತ್ತುಪಡಿಸಿ, ಪುಸ್ತಕಗಳನ್ನು ಬರೆದು ಪ್ರಕಟಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಬಿದ್ದ ರಾಕೆಟ್ಟುಗಳು ಅವನ ಬಗೆಯವು.

ಇಲ್ಲಿ ಗಮನಿಸಬೇಕಾದ ಸಂಗತಿ ಯುದ್ಧದ ಸೋಲು ಗೆಲುವಲ್ಲ. ಕಬ್ಬಿಣದ ಕೊಳವೆಯನ್ನು ಮಾಡಿದ ಕೈಗಳ ಹೆಸರು ಇಂದು ಯಾರ ನಾಲಿಗೆಯ ಮೇಲೂ ಇಲ್ಲ. ಕಾಂಗ್ರೀವನ ಹೆಸರು ಲೋಕದ ಗ್ರಂಥಗಳಲ್ಲೆಲ್ಲ ಇದೆ. ಕೈಯ ಬಲ್ಮೆ ಅಳತೆಯಾಗಿ, ಬರಹವಾಗಿ, ಪಾಠವಾಗಿ ಮುಂದಿನವರಿಗೆ ದಾಟಲಿಲ್ಲ. ಮದ್ದಿನ ಮನೆ ಇತ್ತು, ಅದರ ಪಕ್ಕದಲ್ಲಿ ಶಾಲೆ ಇರಲಿಲ್ಲ. ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಮಿಕ್ಕಿ ಇಂಥ ರಾಕೆಟ್ಟುಗಳು ಸಿಕ್ಕವು. ಒಂದು ವಿದ್ಯೆ ಅಕ್ಷರಶಃ ಬಾವಿಯ ಕೆಸರಿನಲ್ಲಿ ಹೂತುಹೋಗಿತ್ತು! ಈ ಅಗ್ನಿಬಾಣಗಳ ಬಗೆಗೆ ವಿಜ್ಞಾನದ ದೃಷ್ಟಿಯಿಂದ ವಿಸ್ತಾರವಾದ ಪ್ರಬಂಧವೊಂದನ್ನು ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು ಬರೆದದ್ದು 1985ರಲ್ಲಿ.

ಬಾಹ್ಯಾಕಾಶ ಸಂಸ್ಥೆಯ ಹಿರಿಯರು ಈ ತಪ್ಪನ್ನು ಮಾಡಲಿಲ್ಲವೆಂಬುದು ಸಮಾಧಾನದ ಮಾತು. ಅವರ ಕಣ್ಣು ಮೊದಲಿನಿಂದಲೂ ಶಾಲೆಯ ಮೇಲೆ ಇತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷದ ಕಾಲ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ, ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದವು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಮಕ್ಕಳು ಬೆಳಗಿನ ಹೊತ್ತು ಕನ್ನಡದಲ್ಲಿಯೇ ಅವನ್ನು ನೋಡಿದರು. ಅದೇ ಯೋಜನೆಯಲ್ಲಿ ಹತ್ತಾರು ಸಾವಿರ ಪ್ರಾಥಮಿಕ ಶಾಲಾ ಅಧ್ಯಾಪಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ದೊರೆಯಿತು. ಮುಂದೆ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಉಪಗ್ರಹವು ಶ್ರೀಹರಿಕೋಟದಿಂದ ಮೇಲೇರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಮೊದಲ ಪ್ರಯೋಗಶಾಲೆಗಳಾದವು.

ಈ ಎರಡೂ ಪ್ರಯತ್ನಗಳು ದೊಡ್ಡವು. ಆದರೂ ಅವುಗಳ ಮಿತಿಯನ್ನು ಮರೆಯಬಾರದು. ಅಮೆರಿಕದ ಉಪಗ್ರಹವು ಒಂದು ವರ್ಷಕ್ಕೆ ಹೊರಟುಹೋಯಿತು. ಎಜುಸ್ಯಾಟ್‌ನ ಸೇವೆ 2010ರಲ್ಲಿ ಮುಗಿಯಿತು. ಉಪಗ್ರಹಕ್ಕೆ ಆಯುಷ್ಯವಿದೆ, ಪೆಟ್ಟಿಗೆ ಕೆಟ್ಟರೆ ರಿಪೇರಿ ಮಾಡುವವನು ಹಳ್ಳಿಗೆ ಬರಬೇಕು. ಇವೆಲ್ಲ ಹೋದ ಮೇಲೂ ತರಗತಿಯಲ್ಲಿ ನಿಂತಿರುವವನು ಅಧ್ಯಾಪಕನೊಬ್ಬನೇ. ಆದ್ದರಿಂದ 1975ರ ಯೋಜನೆಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗವೆಂದರೆ ದೂರದರ್ಶನದ ಪೆಟ್ಟಿಗೆಯಲ್ಲ, ಅಧ್ಯಾಪಕರ ತರಬೇತಿ.

ಈಗಿನ ಯೋಜನೆಗಳಲ್ಲಿ ಒಂಬತ್ತನೆಯ ತರಗತಿಯವರಿಗೆ ಸೇರಿದ್ದೇ ಒಂದಿದೆ. 2019ರಲ್ಲಿ ಪ್ರಾರಂಭವಾದ 'ಯುವಿಕಾ' ಕಾರ್ಯಕ್ರಮದಲ್ಲಿ ಆಯ್ಕೆಯಾದ ಮಕ್ಕಳು ಸುಮಾರು ಎರಡು ವಾರ ಸಂಸ್ಥೆಯ ಕೇಂದ್ರಗಳಲ್ಲಿ ಇದ್ದು, ವಿಜ್ಞಾನಿಗಳಿಂದ ಕಲಿತು, ಪ್ರಯೋಗಾಲಯಗಳನ್ನು ಕಂಡು ಬರುತ್ತಾರೆ. ಪ್ರಯಾಣ, ಊಟ, ವಸತಿಗಳ ವೆಚ್ಚವೆಲ್ಲ ಸಂಸ್ಥೆಯದೇ. ಗ್ರಾಮೀಣ ಶಾಲೆಗಳಲ್ಲಿ ಓದುವವರಿಗೆ ಆಯ್ಕೆಯಲ್ಲಿ ವಿಶೇಷ ಮನ್ನಣೆಯೂ ಉಂಟು. ಕಿಕ್ಕೇರಿಯ ಅಥವಾ ಮೇಲುಕೋಟೆಯ ಹುಡುಗಿಯೊಬ್ಬಳು ಇದಕ್ಕೆ ಅರ್ಜಿ ಹಾಕಲೇಬೇಕು. ಆದರೆ ಮೊದಲ ವರ್ಷ ಒಂದೊಂದು ರಾಜ್ಯಕ್ಕೆ ದೊರೆತದ್ದು ಮೂರೇ ಸ್ಥಾನ. ಲಕ್ಷಾಂತರ ಮಕ್ಕಳಿರುವ ನಾಡಿನಲ್ಲಿ ಮೂವರಿಗೆ ತೆರೆದ ಬಾಗಿಲನ್ನು ಬಾಗಿಲೆನ್ನುವುದಕ್ಕಿಂತ ಕಿಂಡಿಯೆನ್ನುವುದು ಮೇಲು.

ಕಿಂಡಿಯಿಂದಲೂ ಬೆಳಕು ಬರುತ್ತದೆಂಬುದನ್ನು ಅಲ್ಲಗಳೆಯುವಂತಿಲ್ಲ. ಕರ್ನಾಟಕ ಮತ್ತು ಆಂಧ್ರಪ್ರದೇಶಗಳ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ಕಟ್ಟಿದ, ಒಂದು ಕಿಲೋಗ್ರಾಮಿಗೂ ಕಡಿಮೆ ತೂಕದ 'ಸ್ಟಡ್‌ಸ್ಯಾಟ್' ಉಪಗ್ರಹವನ್ನು ಸಂಸ್ಥೆಯು 2010ರ ಜುಲೈ 12ರಂದು ಕಕ್ಷೆಗೆ ಏರಿಸಿತು. ದೇಶದ ಸರ್ಕಾರಿ ಶಾಲೆಗಳ 750 ಹೆಣ್ಣುಮಕ್ಕಳು ಕೈಗೂಡಿಸಿದ 'ಆಜಾದಿಸ್ಯಾಟ್' 2022ರ ಆಗಸ್ಟಿನಲ್ಲಿ ಸರಿಯಾದ ಕಕ್ಷೆಯನ್ನು ಸೇರದೆ ನಷ್ಟವಾಯಿತು. 2023ರ ಫೆಬ್ರವರಿ 10ರಂದು ಅದರ ಎರಡನೆಯ ಉಪಗ್ರಹವು ಕಕ್ಷೆಯನ್ನು ಸೇರಿತು. ಪ್ರಯೋಗವು ಕೆಡುವುದು, ಕೆಟ್ಟದ್ದನ್ನು ಮತ್ತೆ ಮಾಡುವುದು - ಇದೇ ನಿಜವಾದ ವಿಜ್ಞಾನದ ಪಾಠ. ಪರೀಕ್ಷೆಯ ಅಂಕಗಳು ಇದನ್ನು ಕಲಿಸಲಾರವು.

ಎಲ್ಲ ಮಕ್ಕಳೂ ಉಪಗ್ರಹವನ್ನು ಕಟ್ಟಬೇಕಾಗಿಲ್ಲ. ಉಪಗ್ರಹವು ತೆಗೆದ ಚಿತ್ರವನ್ನು ಓದಲು ಕಲಿತರೂ ಸಾಕು. ಸಂಸ್ಥೆಯು 2009ರಲ್ಲಿ ತೆರೆದ 'ಭುವನ್' ಎಂಬ ಅಂತರ್ಜಾಲ ತಾಣದಲ್ಲಿ ದೇಶದ ನೆಲದ ಚಿತ್ರಗಳು ಎಲ್ಲರಿಗೂ ಲಭ್ಯವಾಗಿವೆ. ನಾಗಮಂಗಲ ತಾಲ್ಲೂಕು ಕೆರೆಗಳನ್ನು ನೆಚ್ಚಿದ ಒಣಸೀಮೆ. ಅಲ್ಲಿನ ಮಕ್ಕಳು ತಮ್ಮ ಊರಿನ ಕೆರೆಯನ್ನು ಆ ಚಿತ್ರದಲ್ಲಿ ಗುರುತಿಸಿ, ಅಂಗಳದ ಅಳತೆಯನ್ನು ಲೆಕ್ಕಹಾಕಿ, ಅನಂತರ ಏರಿಯ ಮೇಲೆ ನಡೆದು ಹೋಗಿ ನೀರೆಷ್ಟು, ಹೂಳೆಷ್ಟು, ಒತ್ತುವರಿಯೆಷ್ಟು ಎಂದು ನೋಡಿದರೆ ಗಣಿತ, ಭೂಗೋಳ, ಪೌರನೀತಿಗಳು ಒಂದೇ ಮಧ್ಯಾಹ್ನದ ಪಾಠವಾಗುತ್ತವೆ. ಪಾಂಡವಪುರದ ಮಕ್ಕಳು ವಿಶ್ವೇಶ್ವರಯ್ಯ ನಾಲೆಯ ಎರಡು ಬದಿಯ ಹಸಿರನ್ನು ಹೋಲಿಸಬಹುದು. ಒತ್ತುವರಿಯ ಲೆಕ್ಕ ಊರಿನ ಕೆಲವರಿಗೆ ಹಿತವಾಗದಿದ್ದರೆ ಅದು ಬೇರೆ ಮಾತು.

ಇದನ್ನು ಕಲಿಸಲು ಅಧ್ಯಾಪಕರು ಮೊದಲು ಕಲಿಯಬೇಕು. ವರ್ಷಕ್ಕೆ 40 ಮಕ್ಕಳಂತೆ 25 ವರ್ಷ ಪಾಠ ಹೇಳುವ ಒಬ್ಬ ಅಧ್ಯಾಪಕನ ಮುಂದೆ ಸಾವಿರ ಮಕ್ಕಳು ಹಾದುಹೋಗುತ್ತಾರೆ. ಮಕ್ಕಳ ಶಿಬಿರದ ಜೊತೆಗೆ ಅಧ್ಯಾಪಕರ ಶಿಬಿರವನ್ನೂ ಬೇಸಗೆಯ ರಜೆಯಲ್ಲಿ, ಕನ್ನಡದಲ್ಲಿ, ಹಾಸನದಲ್ಲಿಯೋ ಬೆಂಗಳೂರಿನಲ್ಲಿಯೋ ಸಂಸ್ಥೆಯು ಏರ್ಪಡಿಸುವುದು ಯುಕ್ತ. ಈ ನಾಲ್ಕು ತಾಲ್ಲೂಕುಗಳಿಂದ ಹತ್ತು ಹತ್ತು ಮಂದಿ ಹೋದರೂ ಒಂದು ಬಸ್ಸು ತುಂಬುತ್ತದೆ. ಕೃಷ್ಣರಾಜಪೇಟೆಯಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಹಾಸನವನ್ನು ಸೇರಬಹುದು.