ಡಾಕ್ಟರೇಟ್ ಆದ ಮೇಲೂ ಓದೇ?

“ಮಗನಿಗೆ ಡಾಕ್ಟರೇಟ್ ಆಯಿತು, ಆದರೂ ಕಾಯಂ ಕೆಲಸವಿಲ್ಲ, ಇನ್ನೂ ಪ್ರಯೋಗಶಾಲೆಯಲ್ಲೇ ಇದ್ದಾನೆ” ಎಂದು ನಿಟ್ಟುಸಿರು ಬಿಡುವ ತಂದೆತಾಯಿಗಳನ್ನು ನಾವು ಕಂಡಿದ್ದೇವೆ. ಓದು ಮುಗಿದೊಡನೆ ಸಂಪಾದನೆ ಮೊದಲಾಗಬೇಕೆಂಬುದು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ ಸೇರಿದ ನಮ್ಮಂಥವರಿಗೆ ಸಹಜವಾದ ಬಯಕೆಯೇ ಸರಿ. ಆದರೆ ರೋಗಗಳ ಮೂಲವನ್ನು ಅಣುವಿನ ಮಟ್ಟದಲ್ಲಿ ಅರಸುವ ಕಾರ್ಯದ ದೊಡ್ಡ ಪಾಲು ಸಾಗುವುದು ಇಂಥ ಅನಿಶ್ಚಿತ ವರ್ಷಗಳಲ್ಲಿಯೇ ಎಂಬುದನ್ನು ನಾವು ಮರೆಯಲಾಗದು.

ಕುಡಗೋಲು ಕಣ ರೋಗದ ಕಥೆಯನ್ನೇ ನೋಡೋಣ. ಅದು ಹಿಮೋಗ್ಲೋಬಿನ್ ಅಣುವಿನದೇ ದೋಷವೆಂದು 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ತೋರಿಸಿದರು. ದೋಷವಾದರೂ ಎಲ್ಲಿ? ಜರ್ಮನಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ನಿರಾಶ್ರಿತರಾಗಿ ಇಂಗ್ಲೆಂಡಿಗೆ ಬಂದ ವರ್ನನ್ ಇನ್‌ಗ್ರಾಮ್ ಅದೇ 1949ರಲ್ಲಿ ಡಾಕ್ಟರೇಟ್ ಪಡೆದು, ಅಮೆರಿಕದಲ್ಲಿ ಕೆಲಕಾಲ ಪಳಗಿ, ಕೇಂಬ್ರಿಜ್ ಸೇರಿದರು. ಗ್ಲುಟಾಮಿಕ್ ಆಮ್ಲವಿರಬೇಕಾದ ಒಂದೇ ಒಂದು ಸ್ಥಾನದಲ್ಲಿ ವ್ಯಾಲೀನ್ ಕುಳಿತಿದೆಯೆಂದು ಅವರು 1957ರಲ್ಲಿ ಪ್ರಕಟಿಸಿದರು. 146 ಅಮೈನೋ ಆಮ್ಲಗಳ ಸರಪಣಿಯಲ್ಲಿ ಒಂದೇ ಕೊಂಡಿಯ ಬದಲಾವಣೆ! ಅಷ್ಟರಿಂದಲೇ ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಎಳೆಎಳೆಯಾಗಿ ಹೆಣೆದುಕೊಂಡು, ಕಣವನ್ನು ಕುಡಗೋಲಿನಂತೆ ಬಾಗಿಸಿ, ಕಿರುನಾಳಗಳನ್ನು ಮುಚ್ಚಿ, ಅಸಹನೀಯ ನೋವನ್ನು ತರುವುದು. ಈ ರೋಗಕ್ಕೆ ಜೀನ್ ತಿದ್ದುವ ಚಿಕಿತ್ಸೆಗೆ ಬ್ರಿಟನ್ ಮತ್ತು ಅಮೆರಿಕಗಳು ಮೊದಲ ಅನುಮತಿಯಿತ್ತುದು 2023ರಲ್ಲಿ. ನಡುವಣ ಆ ಅರವತ್ತಾರು ವರ್ಷಗಳನ್ನು ತುಂಬಿದವರಲ್ಲಿ ಹೆಸರಿಲ್ಲದ ಸಂಶೋಧಕರೆಷ್ಟೋ!

ಇದು ದೂರದ ಮಾತಲ್ಲ. ಮಹಾರಾಷ್ಟ್ರದ ನಂದುರ್ಬಾರ್, ಗಡಚಿರೋಲಿ ಜಿಲ್ಲೆಗಳ ಆದಿವಾಸಿ ಮಕ್ಕಳು ಇದೇ ರೋಗದಿಂದ ನರಳುತ್ತಿರುವರು. ನಮ್ಮ ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಇದರ ಅಧ್ಯಯನ ನಡೆಯುತ್ತಿದೆ.

ಹಾಗೆಂದು ಸಂಶೋಧಕರನ್ನು ತ್ಯಾಗಿಗಳೆಂದು ಹಾಡಿ ಹೊಗಳಿ ಸುಮ್ಮನಾಗುವುದು ನಮಗೆ ಒಪ್ಪಿಗೆಯಿಲ್ಲ. ಹೊಗಳಿಕೆಯಿಂದ ಮನೆಬಾಡಿಗೆ ಸಲ್ಲದು. ನಮ್ಮ ದೇಶದಲ್ಲಿ ಡಾಕ್ಟರೇಟ್ ಆದ ಸಂಶೋಧನಾ ಸಹಾಯಕರ ಮೊದಲ ಶ್ರೇಣಿಯ ಮಾಸಿಕ ವೇತನವನ್ನು 2023ರ ಜನವರಿಯಿಂದ 58,000 ರೂಪಾಯಿಗೆ ಏರಿಸಿದುದು ಸ್ತುತ್ಯವೇ. ಆದರೆ ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಹಣ ಕೈಗೆ ಬರಲು ತಿಂಗಳುಗಳೇ ಕಳೆಯುವುದೂ ಉಂಟು. ಮೂವತ್ತು ದಾಟಿದವರು ಇದನ್ನು ನಂಬಿ ಸಂಸಾರ ಹೂಡುವುದೆಂತು? ಕಟಲಿನ್ ಕರಿಕೊ ಅವರನ್ನು 1995ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದು ಕೆಳದರ್ಜೆಗೆ ಇಳಿಸಿತು. ಅವರು ಹಟ ಬಿಡಲಿಲ್ಲ. 2023ರಲ್ಲಿ ನೊಬೆಲ್ ಪಾರಿತೋಷಕ ಅವರನ್ನರಸಿ ಬಂದಿತು. ಆದರೆ ಎಲ್ಲರಿಗೂ ಅಂಥ ಹಟ ಸಾಧ್ಯವಿಲ್ಲ; ಹಟವೊಂದನ್ನೇ ನಂಬಿ ವಿಜ್ಞಾನವನ್ನು ನಡೆಸುವುದು ವಿವೇಕವೂ ಅಲ್ಲ.

ಆದುದರಿಂದ ಸರಕಾರ ಈ ತರುಣರಿಗೆ ಹೊತ್ತಿಗೆ ಸರಿಯಾಗಿ ವೇತನವನ್ನೂ ದೀರ್ಘಾವಧಿಯ ಹುದ್ದೆಗಳನ್ನೂ ಒದಗಿಸಬೇಕು. ಪಾಲಕರು ಇದನ್ನು ಓದಿನ ಮುಂದುವರಿಕೆಯೆಂದಲ್ಲ, ದುಡಿಮೆಯೆಂದೇ ಗೌರವಿಸಬೇಕು. ಶಿಕ್ಷಕರಾದ ನಾವೋ, ಈ ದಾರಿಯ ಸೊಗಸಿನಂತೆ ಅದರ ಕಷ್ಟವನ್ನೂ ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಕನ್ನಡದಲ್ಲಿ ಓದಿದವರಿಗೆ ಇದು ನಿಲುಕದೆಂಬ ಅಂಜಿಕೆ ಮಾತ್ರ ಬೇಡ. ರಕ್ತಕಣ ಏಕೆ ಬಾಗಿತೆಂದು ಕೇಳುವ ಕುತೂಹಲಕ್ಕೆ ಯಾವ ಮಾಧ್ಯಮವಾದರೇನು?