ಮೊದಲ ತಾಸು ಊರವರದು

ಮಾಘ ಮಾಸ ಬಂತೆಂದರೆ ನವಲಗುಂದ, ಅಣ್ಣಿಗೇರಿ ಭಾಗದ ಎರೆಹೊಲಗಳಲ್ಲಿ ಕಡಲೆಯ ರಾಶಿ ಆರಂಭವಾಗುತ್ತದೆ. ಹಿಂದೆ ಕಣದಲ್ಲಿ ಹಂತಿ ಹೂಡುತ್ತಿದ್ದ ಕಾಲದಲ್ಲಿ ಎತ್ತು ಕಾಲು ತುಳಿಯುವುದೇ ದೊಡ್ಡ ಗಾಯವಾಗಿತ್ತು. ಈಗ ರಾಶಿ ಮಷೀನಿನ ಬಾಯಿಗೆ ಸಿಕ್ಕ ಮುಂಗೈ ಕ್ಷಣಾರ್ಧದಲ್ಲಿ ಜಜ್ಜಿಹೋಗುತ್ತದೆ. ಇದೇ ದಿನಗಳಲ್ಲಿ ಜಾತ್ರೆ, ಮದುವೆಗಳ ಸಡಗರ; ಒಂದೇ ಬೈಕಿನ ಮೇಲೆ ಮೂವರು, ಎದುರಿಗೆ ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ದ್ವಿಚಕ್ರ ವಾಹನದವರೇ ನೂರಕ್ಕೆ ನಲವತ್ನಾಲ್ಕಕ್ಕೂ ಹೆಚ್ಚು.

ಇಂತಹ ಸುದ್ದಿ ಬಂದಾಗಲೆಲ್ಲ ನಮ್ಮ ಮಾತು ರಸ್ತೆಯ ಕಡೆಗೆ, ಇಲ್ಲವೆ ಆಸ್ಪತ್ರೆಯ ಕಡೆಗೆ ಹರಿಯುತ್ತದೆ. 2021ರ ಜನವರಿಯಲ್ಲಿ ಧಾರವಾಡದ ಇಟಿಗಟ್ಟಿಯ ಬಳಿ ದಾವಣಗೆರೆಯ ಗೆಳತಿಯರು ಪ್ರಯಾಣಿಸುತ್ತಿದ್ದ ವಾಹನ ಅಪಘಾತಕ್ಕೀಡಾದಾಗ ಬೈಪಾಸ್ ರಸ್ತೆಯನ್ನು ಅಗಲಗೊಳಿಸಬೇಕೆಂಬ ಕೂಗು ಎದ್ದಿತು, ನ್ಯಾಯವಾದ ಕೂಗದು. ಆದರೆ ಗಾಯವಾದ ಸ್ಥಳದಿಂದ ಆಸ್ಪತ್ರೆಯ ಬಾಗಿಲವರೆಗಿನ ಸಮಯದಲ್ಲಿ ಗಾಯಾಳುವಿನ ದೇಹದೊಳಗೆ ಏನು ನಡೆಯುತ್ತದೆ, ಆಗ ಬಳಿಯಲ್ಲಿದ್ದವರು ಏನು ಮಾಡಬೇಕು ಎಂಬ ಚರ್ಚೆ ನಮ್ಮ ಸೀಮೆಯಲ್ಲಿ ನಡೆದದ್ದು ಕಡಿಮೆ. ನವಲಗುಂದದಿಂದಾಗಲಿ, ಅಣ್ಣಿಗೇರಿಯಿಂದಾಗಲಿ, ಕಲಘಟಗಿಯ ಆಚೆಯ ಹಳ್ಳಿಗಳಿಂದಾಗಲಿ ಹುಬ್ಬಳ್ಳಿಯ ಕಿಮ್ಸ್ ತಲುಪಲು ಮೂವತ್ತು, ನಲವತ್ತು ಕಿಲೋಮೀಟರ್ ಕ್ರಮಿಸಬೇಕು. 108ರ ವಾಹನ ಬರುವ ಸಮಯವನ್ನೂ ಸೇರಿಸಿದರೆ ಮೊದಲ ತಾಸು ದಾರಿಯಲ್ಲಿಯೇ ಮುಗಿಯುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯೇ ಈ ಒಂದು ತಾಸನ್ನು ಸುವರ್ಣ ಗಳಿಗೆಯೆಂದು ವ್ಯಾಖ್ಯಾನಿಸಿದೆ. ಆ ಗಳಿಗೆ ವೈದ್ಯರ ಕೈಯಲ್ಲಿಲ್ಲ, ಊರವರ ಕೈಯಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ದೇಹವು ಗಾಯಕ್ಕೆ ಸುಮ್ಮನೆ ಶರಣಾಗುವುದಿಲ್ಲ. ರಕ್ತನಾಳ ತುಂಡಾದ ಕೂಡಲೇ ಅದು ತಾನಾಗಿ ಸಂಕುಚಿತವಾಗುತ್ತದೆ. ಕೈಕಾಲು ಕತ್ತರಿಸಿಹೋದಾಗ ಸಿರೆಗಳು ಸಂಕೋಚಗೊಂಡು ರಕ್ತ ಕಡಿಮೆ ಹರಿಯುವುದರಿಂದ ಮನುಷ್ಯ ಬದುಕಿ ಉಳಿಯಬಲ್ಲನೆಂದು ಸುಶ್ರುತಾಚಾರ್ಯರು ಶಾರೀರಸ್ಥಾನದಲ್ಲಿ ಗುರುತಿಸಿದ್ದಾರೆ. ಮುಂದೆ ರಕ್ತದ ಕಿರುಬಿಲ್ಲೆಗಳು ಗಾಯದ ಬಾಯಿಗೆ ಗುಂಪುಗೂಡುತ್ತವೆ, ಹೆಪ್ಪು ಕಟ್ಟುತ್ತದೆ. ಇತ್ತ ಅಡ್ರಿನಲ್ ಗ್ರಂಥಿಗಳ ಸ್ರಾವದಿಂದ ಹೃದಯ ವೇಗವಾಗಿ ಬಡಿಯುತ್ತದೆ; ಚರ್ಮ, ಕರುಳುಗಳಿಗೆ ಹೋಗುವ ರಕ್ತವನ್ನು ಕಡಿತಗೊಳಿಸಿ ಮಿದುಳು, ಹೃದಯಗಳಿಗೆ ಕಾಯ್ದಿಡಲಾಗುತ್ತದೆ. ಗಾಯಾಳುವಿನ ಮೈ ತಣ್ಣಗಾಗಿ ಬಿಳಿಚಿಕೊಳ್ಳುವುದು, ಬೆವರುವುದು ಇದರಿಂದಲೇ.

ಈ ಏರ್ಪಾಡು ಎಷ್ಟು ಸಮರ್ಥವಾದುದೆಂದರೆ, ವಯಸ್ಕನ ದೇಹದ ಸುಮಾರು ಐದು ಲೀಟರ್ ರಕ್ತದಲ್ಲಿ ಒಂದು ಲೀಟರ್ ಹೋಗಿದ್ದರೂ ರಕ್ತದೊತ್ತಡ ಬಹುಮಟ್ಟಿಗೆ ಸರಿಯಾಗಿಯೇ ಕಾಣಬಹುದು. ಒಂದೂವರೆ ಲೀಟರಿನ ಆಸುಪಾಸಿಗೆ ಬಂದಾಗ ಅದು ಹಠಾತ್ತನೆ ಕುಸಿಯುತ್ತದೆ. ಆದ್ದರಿಂದ “ಮಾತಾಡಾಕತ್ತಾನ, ಏನೂ ಆಗಿಲ್ಲ ಬಿಡ್ರಿ” ಎಂಬ ಮಾತಿನಷ್ಟು ಅಪಾಯಕಾರಿ ಮಾತು ಮತ್ತೊಂದಿಲ್ಲ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹವೇ ಎರಡಾಗಿದ್ದ ಹರೀಶ್ ಎಂಬ ಯುವಕ ಪ್ರಜ್ಞೆ ಕಳೆದುಕೊಳ್ಳದೆ, ತನ್ನ ಕಣ್ಣುಗಳನ್ನು ದಾನಮಾಡಿರೆಂದು ಬೇಡಿಕೊಂಡದ್ದು ನಾಡಿಗೆಲ್ಲ ತಿಳಿದಿದೆ. ಆತನ ತ್ಯಾಗಕ್ಕೆ ನಾವೆಲ್ಲ ತಲೆಬಾಗಿದೆವು. ಮಾತು ನಿಲ್ಲದಿರುವುದು ಪ್ರಾಣ ಗಟ್ಟಿಯಾಗಿರುವುದಕ್ಕೆ ಸಾಕ್ಷಿಯಲ್ಲ ಎಂಬ ವೈದ್ಯಕೀಯ ಪಾಠವೂ ಅಲ್ಲಿತ್ತು. ಅದನ್ನು ಯಾರೂ ಎತ್ತಿ ಹೇಳಲಿಲ್ಲ.

ದೇಹದ ರಕ್ಷಣೆ ಸೋಲಲಾರಂಭಿಸುವ ಬಗೆಯನ್ನೂ ತಿಳಿಯಬೇಕು. ಬಲವಾದ ಪೆಟ್ಟು ಬಿದ್ದವರಲ್ಲಿ ಹೆಪ್ಪನ್ನು ಕರಗಿಸುವ ಕ್ರಿಯೆ ಅಳತೆ ಮೀರಿ ಚುರುಕಾಗುತ್ತದೆ. ಕಟ್ಟಿದ ಒಡ್ಡು ತಾನೇ ಬಿಚ್ಚಿಕೊಂಡಂತೆ. ಮೈ ತಣ್ಣಗಾದಂತೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಪ್ರಾಣವಾಯು ಸಾಲದ ಅಂಗಗಳಿಂದ ರಕ್ತದಲ್ಲಿ ಆಮ್ಲ ಏರುತ್ತದೆ, ಹೆಪ್ಪು ಇನ್ನಷ್ಟು ದುರ್ಬಲವಾಗುತ್ತದೆ. ಈ ಮೂರೂ ಒಂದನ್ನೊಂದು ಬೆಳೆಸುತ್ತ ಹೋಗುತ್ತವೆ. ಬಿದ್ದವರ ಮುಖಕ್ಕೆ, ಮೈಗೆ ಕೊಡಗಟ್ಟಲೆ ತಣ್ಣೀರು ಸುರಿಯುವ ನಮ್ಮ ರೂಢಿ ಎಷ್ಟು ಘಾತಕವೆಂಬುದನ್ನು ಇದರಿಂದ ಊಹಿಸಿಕೊಳ್ಳಬಹುದು. ಬೇಸಿಗೆಯ ಮಧ್ಯಾಹ್ನವಾದರೂ ಸರಿ, ರಕ್ತ ಹೋದವನಿಗೆ ಬೇಕಾದುದು ಕಂಬಳಿ ಅಥವಾ ಕೌದಿ.

ಹೆಪ್ಪು ಕರಗದಂತೆ ತಡೆಯುವ ಒಂದು ಔಷಧಿಯಿದೆ: ಟ್ರಾನೆಕ್ಸಾಮಿಕ್ ಆಮ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಒಕಾಮೊಟೊ ದಂಪತಿ ಕಂಡುಹಿಡಿದದ್ದು. ಹೆಣ್ಣುಮಕ್ಕಳ ಅತಿಯಾದ ಮುಟ್ಟಿನ ಸ್ರಾವಕ್ಕೆ ನಮ್ಮ ತಾಲ್ಲೂಕು ಪೇಟೆಗಳ ಔಷಧಿ ಅಂಗಡಿಗಳಲ್ಲಿಯೂ ಸಿಗುವ, ಬೆಲೆಯಲ್ಲಿ ಅಗ್ಗವಾದ ಔಷಧಿ. 40 ದೇಶಗಳ 274 ಆಸ್ಪತ್ರೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ, ಭಾರತವೂ ಪಾಲ್ಗೊಂಡಿದ್ದ ಕ್ರ್ಯಾಶ್-2 ಅಧ್ಯಯನದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಈ ಔಷಧಿ ಪಡೆಯದವರಲ್ಲಿ ನೂರಕ್ಕೆ 16 ಮಂದಿ ತೀರಿಕೊಂಡರೆ, ಪಡೆದವರಲ್ಲಿ 14.5. ಅಂತರ ಚಿಕ್ಕದೆನಿಸಬಹುದು, ಸಾವಿರ ಗಾಯಾಳುಗಳಲ್ಲಿ ಹದಿನೈದು ಮನೆಗಳ ದೀಪವದು. ಆದರೆ ಮೊದಲ ತಾಸಿನಲ್ಲಿ ಕೊಟ್ಟರೆ ಗುಣ ಹೆಚ್ಚು, ಮೂರು ತಾಸು ಕಳೆದ ಮೇಲೆ ಕೊಟ್ಟರೆ ಕೇಡೇ ಹೆಚ್ಚೆಂದು ಅದೇ ಅಧ್ಯಯನ ತೋರಿಸಿತು. ಹೀಗಿರುವಾಗ ಈ ಚುಚ್ಚುಮದ್ದು ದೊಡ್ಡ ಆಸ್ಪತ್ರೆಯ ಕಪಾಟಿನಲ್ಲಿದ್ದರೆ ಸಾಲದು. ಹೆದ್ದಾರಿಯ ಬದಿಯ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರಬೇಕು, ಅಲ್ಲಿಯ ವೈದ್ಯರು ಅದನ್ನು ಕೊಡಲು ಹಿಂಜರಿಯಬಾರದು.

ಇನ್ನು ಸಲಾಯಿನ್ ಮೋಹದ ಬಗ್ಗೆ ಒಂದು ಮಾತು. ಗಾಯಾಳುವನ್ನು ಊರ ದವಾಖಾನೆಗೆ ತಂದು “ಮೊದಲ ಒಂದ್ ಬಾಟ್ಲಿ ಹಚ್ಚ್ರಿ ಸಾಹೇಬ್ರ” ಎಂದು ಒತ್ತಾಯಿಸುವವರು ಬಹಳ. ಬಾಟಲಿ ಇಳಿಯುವವರೆಗೆ ಅಮೂಲ್ಯವಾದ ಮುಕ್ಕಾಲು ತಾಸು ಕಳೆದುಹೋಗುತ್ತದೆ. ಸ್ರಾವ ನಿಲ್ಲುವ ಮೊದಲು ಒತ್ತಡ ಏರಿಸಿದರೆ ಉಳಿದ ರಕ್ತವೂ ಹರಿದುಹೋಗುತ್ತದೆಂದು ಅಮೆರಿಕದ ವಾಲ್ಟರ್ ಕ್ಯಾನನ್ ಮೊದಲನೆಯ ಮಹಾಯುದ್ಧದ ಗಾಯಾಳುಗಳನ್ನು ಕಂಡು 1918ರಲ್ಲಿಯೇ ಎಚ್ಚರಿಸಿದ್ದರು. 1994ರಲ್ಲಿ ಹ್ಯೂಸ್ಟನ್ ನಗರದಲ್ಲಿ ಎದೆಹೊಟ್ಟೆಗಳಿಗೆ ಇರಿತ ಅಥವಾ ಗುಂಡೇಟು ತಗುಲಿದ 598 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಶಸ್ತ್ರಕ್ರಿಯೆಯವರೆಗೆ ಸಲಾಯಿನ್ ತಡೆದವರೇ ಹೆಚ್ಚಾಗಿ ಬದುಕಿದರು. ತಲೆಗೆ ಪೆಟ್ಟಾದವರ ವಿಚಾರ ಬೇರೆ, ಅಲ್ಲಿ ಒತ್ತಡ ಬೀಳಗೊಡಬಾರದು. ಅದನ್ನು ನಿರ್ಧರಿಸುವುದು ವೈದ್ಯರಿಗೆ ಬಿಟ್ಟದ್ದು. ಜನರು ಮಾಡಬೇಕಾದುದು ಇಷ್ಟೇ: ಬಾಟಲಿಗಾಗಿ ಹಠ ಹಿಡಿಯದೆ ಗಾಡಿ ಮುಂದೆ ಓಡಿಸುವುದು.

ಹಾಗಾದರೆ ಕೈಯಿಂದ ಆಗುವುದೇನು? ಒತ್ತುವುದು. ಮಡಿಚಿದ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ, ಹತ್ತು ನಿಮಿಷ ಎತ್ತಿ ನೋಡದೆ ಒತ್ತಿ ಹಿಡಿಯುವುದು. ಅರಿಷಿಣ, ಕಾಫಿಪುಡಿ, ಹೊಗೆಸೊಪ್ಪು, ಕಂದೀಲಿನ ಎಣ್ಣೆ ಯಾವುದೂ ಬೇಡ. ಅರಿಷಿಣದ ಗುಣವನ್ನು ಆಯುರ್ವೇದದವನಾದ ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾರುವ ನೆತ್ತರಿಗೆ ಅದು ಮದ್ದಲ್ಲ. ಮಷೀನಿಗೆ ಸಿಕ್ಕ ಕೈಯಿಂದ ನೆತ್ತರು ಒತ್ತಿದರೂ ನಿಲ್ಲದಿದ್ದರೆ, ಗಾಯದ ಮೇಲ್ಗಡೆ ಮೂರು ಬೆರಳಗಲದ ಪಟ್ಟಿಯನ್ನು, ರುಮಾಲಿನ ತುಂಡಾದರೂ ಆದೀತು, ಸುತ್ತಿ, ಕೋಲು ಸಿಕ್ಕಿಸಿ, ಸ್ರಾವ ನಿಲ್ಲುವವರೆಗೆ ತಿರುವಿ ಬಿಗಿಯಬೇಕು. ಬಿಗಿದ ಹೊತ್ತನ್ನು ಬರೆದಿಡಬೇಕು, ಆಸ್ಪತ್ರೆಯವರೆಗೆ ಬಿಚ್ಚಬಾರದು. ತಂತಿ, ತೆಳುವಾದ ಹಗ್ಗ ಕೂಡದು. ಬಿದ್ದವನನ್ನು ಮಡಿಚಿ ಆಟೋದೊಳಗೆ ತುರುಕಿದರೆ ಮುರಿದ ಬೆನ್ನೆಲುಬು ನರವನ್ನು ಕತ್ತರಿಸೀತು. ಹೊರಸು ಇದೆ, ಬಾಗಿಲ ಕದವಿದೆ, ಅದರ ಮೇಲೆ ಮಲಗಿಸಿ ಕುತ್ತಿಗೆ ಅಲುಗದಂತೆ ಒಯ್ಯಬೇಕು. ಬಾಯಿಗೆ ನೀರು, ಚಹಾ ಹಾಕಬಾರದು.

ಹೊಟ್ಟೆಗೋ ತೊಡೆಗೋ ಕುಡಗೋಲು, ಕಬ್ಬಿಣದ ಸಲಾಕೆ ನಾಟಿದ್ದರೆ ಅದನ್ನು ಕೀಳಬಾರದೆಂಬುದು ಇಂದಿನ ಪ್ರಥಮ ಚಿಕಿತ್ಸೆಯ ನಿಯಮ. ಸುಶ್ರುತರು ಹೇಳಿದ 107 ಮರ್ಮಗಳಲ್ಲಿ ವಿಶಲ್ಯಘ್ನವೆಂಬ ಮೂರು ಇವೆ. ಅಲ್ಲಿ ನಾಟಿದ ವಸ್ತು ಇರುವವರೆಗೆ ಮನುಷ್ಯ ಬದುಕಿರುತ್ತಾನೆ, ಕಿತ್ತರೆ ಸಾಯುತ್ತಾನೆ ಎಂದಿದ್ದಾರೆ. ಇಂತಹ ಹೋಲಿಕೆ ಸಿಕ್ಕಾಗ ನಮ್ಮ ವೃತ್ತಿಬಂಧುಗಳು ಹಿಗ್ಗುತ್ತಾರೆ. ಹಿಗ್ಗಲಿ. ಆದರೆ “ಎಲ್ಲವೂ ನಮ್ಮಲ್ಲಿತ್ತು” ಎಂದು ಸಭೆಗಳಲ್ಲಿ ಭಾಷಣ ಮಾಡುವವರ ಚಿಕಿತ್ಸಾಲಯದಲ್ಲಿ ಒಂದು ಅಗಲವಾದ ಪಟ್ಟಿ, ಕುತ್ತಿಗೆಯ ಆಸರೆ, ಆಮ್ಲಜನಕದ ಸಿಲಿಂಡರ್ ಇದೆಯೇ? ಆಯುರ್ವೇದ ಸ್ನಾತಕೋತ್ತರರು ಯಾವ ಶಸ್ತ್ರಕ್ರಿಯೆ ಮಾಡಬಹುದೆಂಬುದರ ಮೇಲೆ 2020ರಿಂದ ದೊಡ್ಡ ವಾದವೇ ನಡೆದಿದೆ. ಕುಂದಗೋಳದ ಹಳ್ಳಿಯಲ್ಲಿ ನೆತ್ತರು ಸುರಿಸುತ್ತ ಬಂದವನಿಗೆ ಆ ವಾದದಿಂದ ಆಗಬೇಕಾದುದೇನೂ ಇಲ್ಲ. ಅನೇಕ ಹಳ್ಳಿಗಳಲ್ಲಿ ಅವನು ಮೊದಲು ಕಾಣುವುದು ಬಿ.ಎ.ಎಂ.ಎಸ್. ವೈದ್ಯರನ್ನೇ. ಆದ್ದರಿಂದ ನಮಗೆ ತುರ್ತು ಚಿಕಿತ್ಸೆಯ ತರಬೇತಿಯನ್ನು ಕಡ್ಡಾಯಗೊಳಿಸಿ, ಕೆಲವು ವರ್ಷಗಳಿಗೊಮ್ಮೆ ಪರೀಕ್ಷಿಸಬೇಕು. ಇದು ನಮ್ಮವರಿಗೆ ರುಚಿಸಲಿಕ್ಕಿಲ್ಲ; ಆದರೂ ಬರೆಯಬೇಕೆನಿಸಿತು.

ಆಸ್ಪತ್ರೆಯಿಂದ ಮರಳಿದ ಮೇಲಿನ ಪಥ್ಯವೂ ಚಿಂತೆಯ ವಿಷಯ. ಬೇಳೆ ನಂಜು, ಮೊಸರು ನಂಜು ಎಂದು ತಿಂಗಳುಗಟ್ಟಲೆ ಗಂಜಿಯ ಮೇಲೆಯೇ ಇಡುತ್ತಾರೆ. ಗ್ಲಾಸ್ಗೋದ ಡೇವಿಡ್ ಕತ್ಬರ್ಟ್‌ಸನ್ 1930ರ ದಶಕದಲ್ಲಿ ಎಲುಬು ಮುರಿದವರ ಮೂತ್ರವನ್ನು ಪರೀಕ್ಷಿಸಿ, ಗಾಯಗೊಂಡ ದೇಹವು ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆಂದು ತೋರಿಸಿದರು. ಆ ಕಾಲದಲ್ಲಿ ಸಸಾರಜನಕ ಬೇಕೇ ಬೇಕು. ವ್ರಣಿತನಿಗೆ ಸುಶ್ರುತರು ಹೇಳಿದ ಹಿತಾಹಾರದಲ್ಲಿ ಹಳೆಯ ಅಕ್ಕಿಯ ಅನ್ನದೊಡನೆ ಹೆಸರಿನ ಸಾರೂ ಇದೆ. ಅವರು ನಿಷೇಧಿಸಿದ ಧಾನ್ಯಗಳೂ ಉಂಟು, ಆದರೆ ಹೆಸರು ಅವುಗಳಲ್ಲಿಲ್ಲ. ನವಲಗುಂದದ ಎರೆಭೂಮಿಯಲ್ಲಿ ಬೆಳೆಯುವ ಹೆಸರನ್ನು ಗಾಯಾಳುವಿನ ತಟ್ಟೆಗೆ ನಿರಾಕರಿಸಲು ಯಾವ ಶಾಸ್ತ್ರದ ಆಧಾರವೂ ಇಲ್ಲ.

ಮುಟ್ಟಿದರೆ ಕೋರ್ಟು ಕಚೇರಿ ಅಲೆಯಬೇಕಾದೀತೆಂಬ ಭಯ ಇನ್ನೂ ಹೋಗಿಲ್ಲ. ಮೊದಲು ಚಿಕಿತ್ಸೆ, ಪೊಲೀಸ್ ಕ್ರಮಗಳು ಆಮೇಲೆ ಎಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿಯೇ ತೀರ್ಪಿತ್ತಿದೆ. ನೆರವಾದವರ ಮೇಲೆ ಹೊಣೆ ಹೊರಿಸುವಂತಿಲ್ಲ, ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ ಎಂಬುದು 2016ರಿಂದ ಜಾರಿಯಲ್ಲಿದೆ. 2019ರಲ್ಲಿ ಅದು ಕಾಯ್ದೆಯೊಳಗೇ ಸೇರಿತು. ಹಣದ ವಿಷಯದಲ್ಲಿ, ಹರೀಶನ ಹೆಸರಿನಲ್ಲಿ ನಮ್ಮ ರಾಜ್ಯ 2016ರಲ್ಲಿ ಸಾಂತ್ವನ ಯೋಜನೆ ತಂದಿತು. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಘೋಷಿಸಿದೆ. ರಾಶಿ ಮಷೀನಿಗೆ ಕೈ ಕೊಟ್ಟ ಕೂಲಿಕಾರನಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಈ ಭೇದ ನನಗೆ ಸರಿಯೆನಿಸಿಲ್ಲ.

ಪೂಜ್ಯರಲ್ಲಿ ನನ್ನದೊಂದು ವಿನಂತಿ. ಜಾತ್ರೆಯಲ್ಲಿ ಅನ್ನದಾಸೋಹಕ್ಕೆ ನಿಲ್ಲುವ ಯುವಕರು ನೂರಾರು; ತೇರಿನ ಮಿಣಿ ಹಿಡಿಯುವ ಕೈಗಳಿಗೆ ಕೊರತೆಯಿಲ್ಲ. ಅವರಲ್ಲಿ ಊರಿಗೆ ಐವರನ್ನು ಆರಿಸಿ ಮಠದ ಆವರಣದಲ್ಲಿಯೇ ಎರಡು ದಿನದ ಪ್ರಥಮ ಚಿಕಿತ್ಸಾ ಶಿಬಿರ ನಡೆಸಬಹುದು. ಒತ್ತುವುದು, ಬಿಗಿಯುವುದು, ಹೊರಸಿನ ಮೇಲೆ ಎತ್ತುವುದು, ಇಷ್ಟನ್ನು ಕೈಯಾರೆ ಮಾಡಿಸಿ ಕಲಿಸಿದರೆ ಸಾಕು, ಉಪನ್ಯಾಸಗಳು ಬೇಡ. ಟ್ರ್ಯಾಕ್ಟರ್ ಚಾಲಕರನ್ನು, ರಾಶಿ ಮಷೀನಿನ ಮಾಲೀಕರನ್ನು ಮೊದಲು ಕರೆಯಬೇಕು. ಕಡಲೆಯ ರಾಶಿಗೆ ಮುನ್ನ, ಪುಷ್ಯದಲ್ಲಿಯೇ ಇದು ಮುಗಿದರೆ ಒಳ್ಳೆಯದು.