ಹಳೆಯ ಕಾರಿನೊಳಗಣ ಮಳೆನೀರು



ಉತ್ತರೆ, ಹಸ್ತ, ಚಿತ್ತೆ ಮಳೆಗಳು ನಮ್ಮ ಮಂಡ್ಯ ಸೀಮೆಗೆ ಮುಖ್ಯವಾದವು. ಮಲೆನಾಡಿನಂತೆ ಇಲ್ಲಿ ಆಷಾಢದಲ್ಲಿ ಮಳೆ ಹಿಡಿದು ಸುರಿಯುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೇ ವರ್ಷದ ಮಳೆಯ ದೊಡ್ಡ ಪಾಲು ಬೀಳುತ್ತದೆ. ಈ ದಿನಗಳಲ್ಲಿ ಹಳೆಯ ಕಾರುಗಳನ್ನು ಇಟ್ಟುಕೊಂಡಿರುವ ಮನೆಗಳಿಗೆ ಹೋದರೆ ಅದರೊಳಗೆ ನೀರು ನಿಲ್ಲುತ್ತದೆಂಬ ಮಾತು ತಪ್ಪದೆ ಕೇಳಿಬರುತ್ತದೆ. ಹಾಸನ್ನು ಬಿಸಿಲಿಗೆ ಹಾಕಿ ಒಣಗಿಸಿ ಎಲ್ಲರೂ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬಾರದೆಂಬುದಕ್ಕೆ ಮಳವಳ್ಳಿಯ ಸಮೀಪದ ಒಂದು ಮನೆಯಲ್ಲಿ ನಾವು ಕಂಡ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಆ ಮನೆಯ ಹಿರಿಯರು ನಿವೃತ್ತ ಉಪಾಧ್ಯಾಯರು. ಅವರಲ್ಲಿರುವುದು ಇಪ್ಪತ್ತು ವರ್ಷಕ್ಕೂ ಹಳೆಯದಾದ ಒಂದು ಅಂಬಾಸಿಡರ್ ಕಾರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ವಾಹನದ ಉತ್ಪಾದನೆ 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಇದ್ದವನ್ನು ಕಾಪಾಡಿಕೊಳ್ಳಬೇಕೇ ಹೊರತು ಹೊಸದು ದೊರೆಯುವಂತಿಲ್ಲ. ಅವರ ಕಾರಿನಲ್ಲಿ ಪ್ರತಿ ಮಳೆಗೂ ಎಡಬದಿಯ ಹಿಂದಿನ ಆಸನದ ಕಾಲಡಿ ತೊಯ್ಯುತ್ತಿತ್ತು. ಮೊಮ್ಮಗಳು ಶಾಲೆಗೆ ಹೋಗುವಾಗ ಕುಳಿತುಕೊಳ್ಳುವ ಜಾಗವದು. ಒಂದು ದಿನ ಹಾಸನ್ನು ಎತ್ತಿ ನೋಡಿದರೆ ತಳದ ತಗಡು ತುಕ್ಕು ಹಿಡಿದು, ಸ್ಕ್ರೂಡ್ರೈವರಿನ ಮೊನೆ ಸಲೀಸಾಗಿ ಕೆಳಗಿಳಿಯಿತು. ಬೆಂಗಳೂರಿನಲ್ಲಿರುವ ಮಕ್ಕಳು ಗುಜರಿಗೆ ಹಾಕಿಬಿಡಿ ಎಂದರು. ಅವರ ಭಯ ನಿರಾಧಾರವಾದುದಲ್ಲ. ಲಾರಿಗೆ ಇರುವಂತೆ ಈ ಕಾರಿನ ಕೆಳಗೆ ಪೂರ್ಣವಾದ ಬೇರೆ ಚಾಸಿ ಇಲ್ಲ. ತಳದ ತಗಡು, ಪಕ್ಕದ ಗೋಡೆಗಳು, ಮೇಲ್ಛಾವಣಿ ಇವೆಲ್ಲ ಒಂದಾಗಿ ಬೆಸೆದುಕೊಂಡು ಭಾರವನ್ನು ಹೊರುತ್ತವೆ. ಆಸನದ ಬೋಲ್ಟುಗಳು ಕಚ್ಚಿರುವುದೂ ಆ ತಗಡನ್ನೇ. ಅಲ್ಲದೆ ಹದಿನೈದು ವರ್ಷ ಮೀರಿದ ಖಾಸಗಿ ಕಾರನ್ನು ಪರೀಕ್ಷೆಗೆ ಒಪ್ಪಿಸಿ ನೋಂದಣಿಯನ್ನು ನವೀಕರಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್ 1ರಿಂದ 5,000ಕ್ಕೆ ಏರಿತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 10,000 ಎಂದಾಯಿತು. ಅಷ್ಟು ಹಣ ತೆತ್ತು ತೂತುಬಿದ್ದ ತಳವನ್ನು ತೋರಿಸಲಾಗದು.

ಉಪಾಧ್ಯಾಯರು ಕೈಕಟ್ಟಿ ಕುಳಿತವರಲ್ಲ. ಅದಕ್ಕೆ ಮೊದಲು ಎರಡು ಕಡೆ ತೋರಿಸಿದ್ದರು. ಒಬ್ಬರು ಮುಂದಿನ ಗಾಜಿನ ರಬ್ಬರು ಹಳತಾಯಿತೆಂದು ಅದರ ಸುತ್ತ ಸಿಲಿಕೋನ್ ಬಳಿದರು. ಮತ್ತೊಬ್ಬರು ಕಂಡ ಕಂಡ ಸಂದುಗಳಿಗೆಲ್ಲ ಅದನ್ನೇ ತುಂಬಿದರು. ಆ ಬಳಿಕ ನೀರು ಕಡಿಮೆಯಾಗುವ ಬದಲು ಹೆಚ್ಚಾಯಿತು! ಮೊದಲು ಪಾದ ತೊಯ್ಯುತ್ತಿದ್ದ ಕಡೆ ಆಮೇಲೆ ಲೋಟದಲ್ಲಿ ಮೊಗೆಯುವಂತಾಯಿತು.

ಮಠದ ಪಾಠಶಾಲೆಯಲ್ಲಿ ನಾವು ಓದಿದ ತರ್ಕಸಂಗ್ರಹದಲ್ಲಿ ಅನ್ವಯ ಮತ್ತು ವ್ಯತಿರೇಕ ಎಂಬ ಎರಡು ಮಾತುಗಳು ಬರುತ್ತವೆ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಅಡುಗೆಮನೆಯಲ್ಲಿರುವಂತೆ. ಬೆಂಕಿಯಿಲ್ಲದಲ್ಲಿ ಹೊಗೆಯಿಲ್ಲ, ಕೊಳದಲ್ಲಿರುವಂತೆ. ಎರಡೂ ಕೂಡಿದರೆ ನಿಶ್ಚಯ. ಕಾರಿನ ಸೋರಿಕೆಗೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾವು ಕಾಣೆವು. ಇಂಥ ಕಡೆ ನೀರು ಬಿಟ್ಟಾಗ ಒಳಗೆ ಬರುತ್ತದೆಯೇ, ಅದೊಂದು ಕಡೆಯನ್ನು ಬಿಟ್ಟು ಉಳಿದೆಡೆ ಸುರಿದಾಗ ಬಾರದಿರುತ್ತದೆಯೇ ಎಂದು ನೋಡತಕ್ಕದ್ದು. ಎಲ್ಲ ಕಡೆಗೂ ಒಮ್ಮೆಲೇ ಸಿಲಿಕೋನ್ ಬಳಿಯುವವನಿಗೆ ಅನ್ವಯವೂ ಇಲ್ಲ, ವ್ಯತಿರೇಕವೂ ಇಲ್ಲ.

ಆದರೆ ನೀರು ಬಿಡುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಒಳಗಿರುವುದು ಮಳೆಯ ನೀರೇ ಹೌದೇ? ಏಸಿ ಇರುವ ಕಾರುಗಳಲ್ಲಿ ಅದರ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೆ ಬೇಸಗೆಯಲ್ಲಿಯೂ ಮುಂದಿನ ಹಾಸು ತೊಯ್ಯುತ್ತದೆ. ಕಾರು ನಿಂತಿದ್ದಾಗ ಬರುತ್ತದೆಯೋ, ಓಡುವಾಗ ಬರುತ್ತದೆಯೋ? ನಿಂತಾಗ ಬರುವುದು ಮೇಲಿನಿಂದ. ಓಡುವಾಗ ಮಾತ್ರ ಬರುವುದು ಬಹುಮಟ್ಟಿಗೆ ಚಕ್ರ ಎರಚುವ ನೀರು, ತಳದಿಂದ ಏರುವಂಥದು. ಕಾರನ್ನು ನಿಲ್ಲಿಸುವ ನೆಲ ಯಾವ ಕಡೆಗೆ ಇಳಿಜಾರು? ಉಪಾಧ್ಯಾಯರ ಉತ್ತರಗಳು ಹೀಗಿದ್ದವು: ಅಂಗಳದಲ್ಲಿ ನಿಂತಾಗಲೂ ಬರುತ್ತದೆ, ಓಡಿದರೆ ಇನ್ನಷ್ಟು, ಅಂಗಳ ಬೀದಿಯ ಕಡೆಗೆ ಇಳಿಜಾರು, ಕಾರಿನ ಮೂತಿ ಮನೆಯ ಕಡೆಗೆ. ಅಂದಮೇಲೆ ಮುಂದೆ ಎಲ್ಲಿಯೋ ಒಳಹೊಕ್ಕ ನೀರು ಹಾಸಿನ ಕೆಳಗೆ ಹರಿದು ಹಿಂದಕ್ಕೆ ಸೇರುತ್ತಿರಲು ಸಾಧ್ಯ. ತೊಯ್ದ ಜಾಗವೇ ಸೋರುವ ಜಾಗವೆಂದು ತಿಳಿಯುವಂತಿಲ್ಲ.

ಕೆ.ಎಂ. ದೊಡ್ಡಿಯ ಮಾರ್ಗವಾಗಿ ಕಾರನ್ನು ಮದ್ದೂರಿಗೆ ತಂದು, ಅಲ್ಲಿ ಟಿಂಕರಿಂಗ್ ಕೆಲಸ ಮಾಡುವ ತರುಣನೊಬ್ಬನ ಷೆಡ್ಡಿನಲ್ಲಿ ಪರೀಕ್ಷೆ ನಡೆಯಿತು. ಆಸನಗಳನ್ನೂ ರಬ್ಬರ್ ಹಾಸುಗಳನ್ನೂ ಹೊರಗೆ ತೆಗೆಸಿದೆವು. ಹಾಸಿನ ಕೆಳಗಿನ ನಾರಿನ ಪದರ ವಾರಗಟ್ಟಲೆ ನೀರನ್ನು ಹಿಡಿದಿಟ್ಟು ನಾರುತ್ತಿತ್ತು. ತಗಡನ್ನು ತಿಂದುದು ಅದೇ. ತಳವನ್ನೆಲ್ಲ ಒರೆಸಿ ಒಣಗಿಸಿ, ಹಳೆಯ ದಿನಪತ್ರಿಕೆಗಳನ್ನು ಹರಡಿ, ಗಾಜು, ಬಾಗಿಲುಗಳ ಒಳ ಅಂಚಿಗೆ ಸೀಮೆಸುಣ್ಣದ ಪುಡಿಯನ್ನು ಸವರಿದೆವು. (ಉಪಾಧ್ಯಾಯರು ಗಟ್ಟಿ ವಿಭೂತಿಯನ್ನೇ ತರಹೊರಟಿದ್ದರು, ಶಾಲೆಯ ಸುಣ್ಣವೇ ಸಾಕೆಂದೆವು.) ಪುಡಿಯ ಮೇಲೆ ಒಂದು ಹನಿ ಹರಿದರೂ ಗೆರೆ ಮೂಡುತ್ತದೆ. ಒಬ್ಬ ಟಾರ್ಚು ಹಿಡಿದು ಒಳಗೆ ಕುಳಿತ. ಮತ್ತೊಬ್ಬ ಸಣ್ಣ ಪೈಪಿನಿಂದ ಮೆಲ್ಲಗೆ, ಕೆಳಗಿನಿಂದ ಮೇಲಕ್ಕೆ, ಒಂದೊಂದು ಕಡೆ ಹತ್ತು ನಿಮಿಷ ನೀರು ಬಿಟ್ಟ. ಮೇಲಿನಿಂದ ಆರಂಭಿಸಿದರೆ ಇಳಿಯುವ ನೀರು ಎಲ್ಲ ಸಂದುಗಳನ್ನೂ ಒಟ್ಟಿಗೆ ತೋಯಿಸುತ್ತದೆ. ಯಾವುದು ಸೋರಿತೆಂದು ತಿಳಿಯದು. ಸರ್ವೀಸ್ ಸ್ಟೇಷನ್ನಿನ ರಭಸದ ನೀರೂ ಇದಕ್ಕೆ ಒಗ್ಗದು, ಮಳೆ ಹೋಗದ ಕಡೆಗೂ ಅದು ನುಗ್ಗುತ್ತದೆ.

ಎಡ ಹಿಂಬಾಗಿಲು ಒಣಗಿಯೇ ಇತ್ತು. ಮುಂದಿನ ಗಾಜಿನ ಸುತ್ತ ಸುರಿದಾಗಲೂ ಸುಣ್ಣ ಕದಲಲಿಲ್ಲ. "ಬುದ್ಧಿ, ಗ್ಲಾಸಿಂದ ಒಂದು ತೊಟ್ಟೂ ಬತ್ತಿಲ್ಲ" ಎಂದ ಒಳಗಿದ್ದವನು. ಎಡ ಮುಂಬಾಗಿಲಿನ ಗಾಜಿನ ಮೇಲೆ ಬಿಟ್ಟಾಗ ಕೆಲಕಾಲ ಏನೂ ಇಲ್ಲ. ಆಮೇಲೆ ಒಳಹಲಗೆಯ ಕೆಳಗಿನಿಂದ ನೀರು ಹೊಸ್ತಿಲನ್ನು ದಾಟಿ ಪತ್ರಿಕೆಯ ಮೇಲೆ ಹರಡಿತು. ತರುಣನು ಬಾಗಿಲನ್ನು ಅಲ್ಲಾಡಿಸಿ, "ಒಳಗೆ ನೀರು ಕುಲುಕ್ತೈತೆ ಬುದ್ಧಿ, ಬಿಂದಿಗೆಯಂಗೆ" ಎಂದ.

ಇಲ್ಲಿ ಅನೇಕರು ಅರಿಯದ ಒಂದು ವಿಷಯವುಂಟು. ಕಾರಿನ ಬಾಗಿಲೊಳಗೆ ನೀರು ಹೋಗುವುದು ದೋಷವಲ್ಲ. ಏರಿಳಿಯುವ ಗಾಜಿನ ಪಕ್ಕದಿಂದ ಮಳೆ ಇಳಿದೇ ಇಳಿಯುತ್ತದೆ. ಅದು ಹೊರಡಲೆಂದೇ ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ಕಂಡಿಗಳನ್ನು ಬಿಟ್ಟಿರುತ್ತಾರೆ. ಒಳಹಲಗೆಯ ಕಡೆಗೆ ಬಾರದಂತೆ ಅದರ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿರಬೇಕು. ಈ ಕಾರಿನಲ್ಲಿ ಹಿಂದೊಮ್ಮೆ ಗಾಜಿನ ಹಿಡಿಕೆಯನ್ನು ರಿಪೇರಿ ಮಾಡಿದವರು ಹಾಳೆಯನ್ನು ಹರಿದು ಹಾಗೆಯೇ ಬಿಟ್ಟಿದ್ದರು. ಕಂಡಿಗಳು ಅರ್ಧ ಕೆಸರಿನಿಂದ ಕಟ್ಟಿಕೊಂಡಿದ್ದವು. ಉಳಿದರ್ಧವನ್ನು ಸಂದು ತುಂಬಿದ ಮಹಾಶಯರು ಸಿಲಿಕೋನಿನಿಂದ ಮುಚ್ಚಿದ್ದರು. ನೀರಿನ ದಾರಿಯನ್ನು ಮುಚ್ಚಿದವರು ನೀರನ್ನು ತಡೆದೆವೆಂದು ತಿಳಿದಿದ್ದರು.

ಮಂಡ್ಯ ಜಿಲ್ಲೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದೆ ಇರ್ವಿನ್ ನಾಲೆ ಎನಿಸಿದ್ದ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳಿಗೆ ಬಂದ ಮೇಲೆ, ಬಸಿಗಾಲುವೆ ಹೂತುಹೋದ ಕಡೆ ಭೂಮಿ ಜವುಳಾಗುವುದನ್ನು ಅವರು ಕಣ್ಣಾರೆ ಕಂಡವರು. ಅಲ್ಲಿ ತೂಬನ್ನು ಬೈದು ಫಲವಿಲ್ಲ.

ತರುಣನು ಸಿಲಿಕೋನನ್ನು ಕೆತ್ತಿ, ಬಣ್ಣ ಗೀಚದಂತೆ ಪೊರಕೆಯ ಕಡ್ಡಿಯಿಂದ ಕಂಡಿಗಳನ್ನು ಬಿಡಿಸಿದನು. ಬಿಂದಿಗೆಯಷ್ಟಲ್ಲದಿದ್ದರೂ ಎರಡು ಚೊಂಬು ಕೆಂಪು ನೀರು ಇಳಿಯಿತು. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಅಂಟಿಸಿ, ಅದರ ಕೆಳ ಅಂಚನ್ನು ಬಾಗಿಲಿನ ಒಳಕ್ಕೆ ಮಡಿಸಿ ಬಿಟ್ಟನು. ಹೊರಕ್ಕೆ ಬಿಟ್ಟರೆ ನೀರು ಹಲಗೆಯ ಮೇಲೆಯೇ ಬೀಳುತ್ತದೆ. ಮತ್ತೆ ಹತ್ತು ನಿಮಿಷ ನೀರು ಸುರಿದಾಗ ಪತ್ರಿಕೆ ಒಣಗಿಯೇ ಉಳಿಯಿತು. ವ್ಯತಿರೇಕವೂ ಸಿದ್ಧಿಸಿತು.

ಓಡುವಾಗ ಹೆಚ್ಚಾಗುತ್ತದೆಂಬ ಮಾತು ಉಳಿದಿತ್ತಷ್ಟೆ. ಕಾರನ್ನು ಎತ್ತಿ ನೋಡಿದಾಗ ತಳದ ಒಂದು ಕಂಡಿಗೆ ಇರಬೇಕಾದ ರಬ್ಬರ್ ಮುಚ್ಚಳ ಬಿದ್ದುಹೋಗಿತ್ತು. ಅದು ಮಂಡ್ಯದ ಬಿಡಿಭಾಗದ ಅಂಗಡಿಯಲ್ಲಿ ದೊರೆಯಿತು. ಬೆಲೆ ಒಂದು ಕಾಫಿಗಿಂತ ಹೆಚ್ಚಿಲ್ಲ. ತುಕ್ಕು ತಿಂದ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಹೊಸ ತಗಡನ್ನು ಬೆಸೆದು, ರೆಡ್ ಆಕ್ಸೈಡ್ ಬಳಿದು, ಕೆಳಗಿನಿಂದ ಟಾರು ಲೇಪ ಕೊಟ್ಟದ್ದಕ್ಕೆ ಮಾತ್ರ ಮೂರು ದಿನ ಹಿಡಿಯಿತು. ಖರ್ಚಾದದ್ದು ಇದಕ್ಕೆ. ತುಕ್ಕಿನ ಮೇಲೆಯೇ ತೇಪೆ ಹಾಕುವವರೂ, ನಿಂತ ನೀರು ಹೋಗಲೆಂದು ತಳಕ್ಕೆ ತೂತು ಕೊರೆಯುವವರೂ ಇದ್ದಾರೆ. ಅಂಥವರ ಕೈಗೆ ಕಾರನ್ನು ಕೊಡಬೇಡಿ.

ಚಿತ್ತೆ ಮಳೆ ಎರಡು ರಾತ್ರಿ ಸುರಿದ ಬಳಿಕ ಉಪಾಧ್ಯಾಯರು ಹೇಳಿಕಳುಹಿಸಿದರು: ಎಡಬದಿ ಹಿಂದೆಯೂ ಮುಂದೆಯೂ ಒಣಗಿದೆ, ಹಾಸನ್ನು ಇನ್ನೂ ಹಾಕಿಲ್ಲ, ಪತ್ರಿಕೆಯನ್ನೇ ಹರಡಿದ್ದೇವೆ. ಡಿಕ್ಕಿಯ ಬಲಮೂಲೆಯಲ್ಲಿ ಮಾತ್ರ ಅಂಗೈಯಗಲ ತೇವ ಕಾಣಿಸಿತಂತೆ. ಹಿಂದೀಪದ ರಬ್ಬರೋ, ಡಿಕ್ಕಿಯ ಬೀಡಿಂಗೋ ತಿಳಿಯದು. ಬರುವ ಭಾನುವಾರ ಮೊಮ್ಮಗಳನ್ನೇ ಟಾರ್ಚು ಕೊಟ್ಟು ಒಳಗೆ ಕೂರಿಸಿ ನೋಡುವರಂತೆ.